ಲೈಸೆನ್ಸ್ ಇದೆ, ಬೀಗ ಎಲ್ಲಿ?

ವೀಕ್ಷಕರೇ, ಮೊಬೈಲಿಗೆ ಪಾಸ್‌ವರ್ಡ್ ಇಡ್ತೀವಿ, ಬೈಕಿಗೆ ಲಾಕ್ ಹಾಕ್ತೀವಿ. ಕೋವಿ ಮಾತ್ರ ಗೋಡೆಯ ಮೊಳೆಗೆ! 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಲೈಸೆನ್ಸ್ ಕೇಳುವವರು ಬಂದೂಕು, ತೋಟಾಗಳನ್ನು ಸುರಕ್ಷಿತವಾಗಿ ಇಡುತ್ತೇವೆ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಕಾಗದ ಕಚೇರಿಯ ಕಡತ ಸೇರುತ್ತೆ. ಬೀಗ ಮನೆ ಸೇರುತ್ತಾ?

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ 2029ರವರೆಗೆ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ನಾಡು ಅದು. ಆದರೆ ವಿನಾಯಿತಿ ಸಿಕ್ಕಿರೋದು ಲೈಸೆನ್ಸಿಗೆ, ಎಚ್ಚರಿಕೆಗಲ್ಲ.

ಮನೆಯಲ್ಲಿರೋ ಆರು ವರ್ಷದ ಮಗುವಿಗೆ ಕಾನೂನೂ ಗೊತ್ತಿಲ್ಲ, ಸಂಪ್ರದಾಯವೂ ಗೊತ್ತಿಲ್ಲ. ಅದಕ್ಕೆ ಕೋವಿ ಒಂದು ಆಟಿಕೆ, ಅಷ್ಟೇ. ಕೋವಿ ಖಾಲಿ ಮಾಡಿ, ಬೀರುವಿನಲ್ಲಿಟ್ಟು ಬೀಗ ಹಾಕಿ. ತೋಟಾ ಬೇರೆ ಕಡೆ ಇಡಿ. ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ನಾಳೆ ಅಲ್ಲ, ಇವತ್ತು ರಾತ್ರಿ ಮಲಗೋ ಮೊದಲು.