ಮದ್ಯ ಮಾರುವವನ ಹೊಣೆ ಎಲ್ಲಿ?



ಮದ್ಯಪಾನದ ವಿಷಯ ಬಂದಾಗಲೆಲ್ಲ ನಾವು ಕುಡಿಯುವವನಿಗೆ ಉಪದೇಶ ನೀಡುತ್ತೇವೆ. ಇಂದು ಮಾರುವವನ ಕುರಿತು, ಅವನಿಗೆ ಪರವಾನಿಗೆ ಕೊಟ್ಟ ಸರಕಾರದ ಕುರಿತು ಮಾತಾಡಬೇಕಾಗಿದೆ. 'ಕುಡಿಯದ ನಮಗೆ ಮದ್ಯದಂಗಡಿಯ ಉಸಾಬರಿ ಏಕೆ?' ಎಂದು ಕೇಳುವವರಿದ್ದಾರೆ. ನಿಷಿದ್ಧವಾದುದನ್ನು 'ನಿಯಮದಂತೆ ಮಾರಿ' ಎನ್ನುವುದು ಅದನ್ನು ಒಪ್ಪಿಕೊಂಡಂತಾಗದೇ ಎಂಬ ಸಂದೇಹವೂ ಕೆಲವರಿಗಿದೆ.

ಕುಡಿದು ವಾಹನ ಚಲಾಯಿಸುವವನು ದಾರಿಹೋಕನ ಧರ್ಮ ಕೇಳಿ ಢಿಕ್ಕಿ ಹೊಡೆಯುವುದಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಕುಡಿತವೇ ಇಲ್ಲವೆಂದು ಎದೆತಟ್ಟಿ ಹೇಳುವ ಸ್ಥಿತಿಯಲ್ಲೂ ನಾವಿಲ್ಲ. ದಿನದ ಕೂಲಿ ಮನೆ ತಲುಪುವ ಮುನ್ನವೇ ಮದ್ಯದಂಗಡಿಯ ಗಲ್ಲಾಪೆಟ್ಟಿಗೆ ಸೇರುವ ಕುಟುಂಬಗಳು ನಮ್ಮಲ್ಲೂ ಇವೆ.

ಇನ್ನು ಎರಡನೆಯ ಸಂದೇಹ. ಇಸ್ಲಾಮ್ ಮದ್ಯದ ವಿಷಯದಲ್ಲಿ ಕುಡಿಯುವವನನ್ನಷ್ಟೇ ಹೊಣೆಗಾರನನ್ನಾಗಿ ಮಾಡಿಲ್ಲ. ತಯಾರಿಸುವವನು, ಹೊತ್ತು ತರುವವನು, ಮಾರುವವನು, ಅದರ ಆದಾಯವನ್ನು ಉಣ್ಣುವವನು, ಎಲ್ಲರನ್ನೂ ಪ್ರವಾದಿ(ಸ)ರು ಶಪಿಸಿರುವುದಾಗಿ ಹದೀಸ್‌ಗಳಲ್ಲಿದೆ. ಮಾದಕ ಪಾನೀಯಗಳ ನಿಷೇಧಕ್ಕೆ ಶ್ರಮಿಸಬೇಕೆಂದು ಸಂವಿಧಾನದ 47ನೇ ವಿಧಿಯೂ ಸರಕಾರಕ್ಕೆ ನಿರ್ದೇಶಿಸುತ್ತದೆ. ಪೂರ್ಣ ನಿಷೇಧವೇ ನಮ್ಮ ಬೇಡಿಕೆ. ಅದು ಬರುವ ತನಕ ಇರುವ ಕಾನೂನನ್ನಾದರೂ ಪಾಲಿಸಿ ಎನ್ನುವುದು ಮದ್ಯಕ್ಕೆ ನೀಡುವ ಸಮ್ಮತಿಯಲ್ಲ, ಹಾನಿಗೆ ಹಾಕುವ ತಡೆ.

ಕಾನೂನಿಗೇನೂ ಕೊರತೆಯಿಲ್ಲ. ಕರ್ನಾಟಕದ 1967ರ ಅಬಕಾರಿ ನಿಯಮಗಳು 21 ವರ್ಷ ತುಂಬದವರಿಗೆ ಮದ್ಯ ಮಾರುವುದನ್ನು ನಿಷೇಧಿಸುತ್ತವೆ. 2023ರ ಜನವರಿಯಲ್ಲಿ ಈ ವಯಸ್ಸನ್ನು 18ಕ್ಕೆ ಇಳಿಸುವ ಕರಡು ಹೊರಬಿದ್ದಾಗ ಜನರು ಆಕ್ಷೇಪಿಸಿದರು, ಸರಕಾರ ಹಿಂದೆ ಸರಿಯಿತು. ಮಕ್ಕಳ ಕೈಗೆ ಮದ್ಯ ಕೊಟ್ಟವನಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್‌ನಂತೆ ಏಳು ವರ್ಷಗಳ ವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿ ವರೆಗೆ ದಂಡ ವಿಧಿಸಬಹುದು. ಶಾಲೆ, ಆಸ್ಪತ್ರೆ, ಆರಾಧನಾಲಯಗಳಿಂದ ಇಂತಿಷ್ಟು ಅಂತರವಿರಬೇಕೆಂಬ ನಿಯಮವೂ ಇದೆ. ಆದರೆ ಗಲ್ಲಾದ ಮುಂದೆ ನಿಂತ ಮೀಸೆ ಮೂಡದ ಹುಡುಗನ ವಯಸ್ಸಿನ ದಾಖಲೆ ಕೇಳಿದ ಅಂಗಡಿಗಳು ಎಷ್ಟಿವೆ?

2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಸಲ್ಲದೆಂದಿತು. 2017ರ ಮಾರ್ಚ್‌ನಲ್ಲಿ, 20,000ದ ವರೆಗೆ ಜನಸಂಖ್ಯೆಯಿರುವ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಆ ಅಂತರ 220 ಮೀಟರಿಗೆ ಇಳಿಯಿತು. ಅದೇ ವರ್ಷ, ನಗರ ಮಿತಿಯೊಳಗಿನ ಮಳಿಗೆಗಳಿಗೆ ಪರವಾನಿಗೆ ನೀಡಲು ಈ ಆದೇಶ ಅಡ್ಡಿಯಲ್ಲವೆಂಬ ಸ್ಪಷ್ಟನೆಯೂ ಬಂತು. ಇತ್ತ ಕುಡಿದು ವಾಹನ ಓಡಿಸಿ ಮೊದಲ ಬಾರಿ ಸಿಕ್ಕಿಬಿದ್ದವನಿಗೆ 2019ರ ತಿದ್ದುಪಡಿಯ ಬಳಿಕ 10,000 ರೂಪಾಯಿ ದಂಡವಿದೆ. ನೆಟ್ಟಗೆ ನಿಲ್ಲಲಾಗದವನ ಲೋಟಕ್ಕೆ ಮತ್ತೆ ಸುರಿದ ಬಾರ್‌ನ ಬಾಗಿಲು ತಟ್ಟುವವರು ಮಾತ್ರ ಅಪರೂಪ.

ಏಕೆ ಹೀಗೆ? 2025-26ರ ರಾಜ್ಯ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ಆದಾಯದ ಗುರಿಯಿಟ್ಟಿತು. ಹೆಚ್ಚು ಮಾರಾಟವಾಗಲಿ ಎಂದು ಬಯಸುವ ಇಲಾಖೆಯೇ ಮಾರಾಟದ ಮೇಲೆ ಕಣ್ಣಿಡಬೇಕಾಗಿದೆ. ಬೇಲಿಗೂ ಬೆಳೆಯಲ್ಲಿ ಪಾಲು ಕೊಟ್ಟರೆ ಹೊಲದ ಗತಿಯೇನು? 2007ರ ಜುಲೈಯಲ್ಲಿ ಸಾರಾಯಿ ನಿಷೇಧವಾಯಿತು, ನಿಜ. ಆದರೆ ಬಡವನ ಕೈಯಲ್ಲಿದ್ದ ಸಾರಾಯಿ ಪೊಟ್ಟಣದ ಜಾಗಕ್ಕೆ ಅಗ್ಗದ ಮದ್ಯದ ಪೊಟ್ಟಣ ಬಂತು. 2019ರ ಜನವರಿಯಲ್ಲಿ ಗ್ರಾಮೀಣ ಮಹಿಳೆಯರು ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಆ ತಾಯಂದಿರು ಪಾದ ಸವೆಸಿದಾಗ ನಾವೆಲ್ಲಿದ್ದೆವು?

ನಾವು ಮಾಡಬಹುದಾದ ಕೆಲಸಗಳಿವೆ. ನಮ್ಮ ಊರಿನ ಮದ್ಯದಂಗಡಿಗಳ ತಪಾಸಣೆ ಎಷ್ಟು ಬಾರಿ ನಡೆಯಿತು, ಎಷ್ಟು ಪ್ರಕರಣ ದಾಖಲಾಯಿತು ಎಂದು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಮಕ್ಕಳಿಗೆ ಮಾರಿದ್ದು ಕಂಡರೆ ಎಲ್ಲ ಧರ್ಮದ ನೆರೆಹೊರೆಯವರೊಂದಿಗೆ ಸೇರಿ ಲಿಖಿತ ದೂರು ನೀಡಬಹುದು. ನಿಯಮ ಮುರಿದವರ ಪರವಾನಿಗೆ ನವೀಕರಿಸಬೇಡಿ ಎಂದು ಒತ್ತಾಯಿಸಬಹುದು. ಮತ ಕೇಳಲು ಬರುವವರ ಮುಂದೆ ಇದೇ ಪ್ರಶ್ನೆ ಇಡಬಹುದು.

ಕೊನೆಯದಾಗಿ ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಬಾಡಿಗೆ ಹೆಚ್ಚು ಸಿಗುತ್ತದೆಂದು ಬಾರ್‌ಗೆ ಕಟ್ಟಡ ಕೊಟ್ಟವರು ನಮ್ಮಲ್ಲಿಲ್ಲವೇ? ಅವರ ದೇಣಿಗೆಯನ್ನು ಮರುಮಾತಿಲ್ಲದೆ ಸ್ವೀಕರಿಸಿದವರು ನಮ್ಮಲ್ಲಿಲ್ಲವೇ? ಕುಡುಕನನ್ನು ಛೀಮಾರಿ ಹಾಕುವುದು ಸುಲಭ. ಅವನ ಕುಡಿತದಿಂದ ಸಂಪಾದಿಸುವವರನ್ನು ಪ್ರಶ್ನಿಸುವುದೇ ನಿಜವಾದ ಸುಧಾರಣೆ. ಆ ಪ್ರಶ್ನೆ ಸರಕಾರದ ಬಾಗಿಲಿಗೆ ಹೋಗುವ ಮುನ್ನ ನಮ್ಮ ಹೊಸ್ತಿಲನ್ನು ದಾಟಿ ಹೋಗಲಿ.