ಹಾಜರಿ ಸಿಕ್ಕಿತು, ಪಾಠ ಸಿಕ್ಕಿತೇ?

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಮಗ ಕಪ್ ಗೆದ್ದು ತಂದ ದಿನ ಮನೆಯಲ್ಲಿ ಸಂಭ್ರಮವಿರುತ್ತದೆ. ತಾಯಿ ಅದನ್ನು ಒರೆಸಿ ಟಿ.ವಿ.ಯ ಪಕ್ಕದಲ್ಲಿಡುತ್ತಾಳೆ. ಓಣಿಯವರು ಬಂದು ನೋಡುತ್ತಾರೆ. ಕೆಲವು ತಿಂಗಳ ನಂತರ ಅದೇ ಮನೆಗೆ ಅದೇ ಹುಡುಗನ ಹತ್ತನೆಯ ತರಗತಿಯ ಫಲಿತಾಂಶ ಬರುತ್ತದೆ. ಗಣಿತದಲ್ಲಿ ಅನುತ್ತೀರ್ಣ, ಇಂಗ್ಲಿಷಿನಲ್ಲಿ ಅನುತ್ತೀರ್ಣ. ಆಗ ಓಣಿಯವರು ಬರುವುದಿಲ್ಲ. ತಂದೆ ಶಿಕ್ಷಕರನ್ನು ದೂರುತ್ತಾನೆ, ಶಿಕ್ಷಕರು ಹುಡುಗನನ್ನು ದೂರುತ್ತಾರೆ, ಹುಡುಗ ಯಾರನ್ನೂ ದೂರದೆ ಗ್ಯಾರೇಜಿಗೋ ಪುಣೆಯ ಬಸ್ಸಿಗೋ ಹೊರಟು ಬಿಡುತ್ತಾನೆ. ಈ ಕಪ್ ಮತ್ತು ಈ ಫಲಿತಾಂಶದ ನಡುವಿನ ತಿಂಗಳುಗಳಲ್ಲಿ ಏನು ನಡೆಯಿತು? ಇಂದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಪ್ರಥಮವಾಗಿ ನಮ್ಮ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ನೋಡೋಣ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ನಮ್ಮ ಈ ಮೂರೂ ತಾಲೂಕುಗಳನ್ನು ಅತಿ ಹಿಂದುಳಿದವುಗಳ ಪಟ್ಟಿಯಲ್ಲಿರಿಸಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ನ್ನು ದಾಟಿದಾಗ ನಮ್ಮ ಜಿಲ್ಲೆಯದು ಶೇ. 65ರ ಹತ್ತಿರವೇ ನಿಂತಿತ್ತು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ. 91.12 ಫಲಿತಾಂಶದೊಂದಿಗೆ ಪ್ರಥಮ ಸ್ಥಾನದಲ್ಲಿದ್ದರೆ, ಶೇ. 42.43ರೊಂದಿಗೆ ಕಲಬುರಗಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಅಂದರೆ ಪರೀಕ್ಷೆಗೆ ಕುಳಿತ ಹತ್ತು ಮಕ್ಕಳಲ್ಲಿ ಆರು ಮಕ್ಕಳು ಸೋತು ಮನೆಗೆ ಮರಳಿದರು. ಇದಕ್ಕೆ ಕಾರಣಗಳು ಹಲವು. ಶಿಕ್ಷಕರ ಕೊರತೆಯಿದೆ, ಬಡತನವಿದೆ, ಹತ್ತಿ ಬಿಡಿಸುವ ಮತ್ತು ತೊಗರಿ ಕೊಯ್ಯುವ ದಿನಗಳಲ್ಲಿ ಮಕ್ಕಳನ್ನು ಹೊಲಕ್ಕೆ ಕಳುಹಿಸುವ ಅನಿವಾರ್ಯತೆಯಿದೆ. ಇವುಗಳ ಬಗ್ಗೆ ನಾವು ಮಾತನಾಡುತ್ತಲೇ ಇದ್ದೇವೆ. ಆದರೆ ತರಗತಿ ತಪ್ಪುವ ಇನ್ನೊಂದು ಕಾರಣದ ಬಗ್ಗೆ ಯಾರೂ ಮಾತನಾಡುವುದಿಲ್ಲ. ಯಾಕೆಂದರೆ ಅದು ಚಪ್ಪಾಳೆಯೊಂದಿಗೆ ಬರುತ್ತದೆ. ಅದುವೇ ಕ್ರೀಡಾಕೂಟ.

ಇಲಾಖೆಯ ಕ್ರೀಡಾಕೂಟಗಳು ಮಳೆಗಾಲದಲ್ಲಿ ಆರಂಭವಾಗುತ್ತವೆ. ಮೊದಲು ವಲಯ ಮಟ್ಟ, ಗೆದ್ದರೆ ತಾಲೂಕು ಮಟ್ಟ, ಆ ಬಳಿಕ ಕಲಬುರಗಿಯಲ್ಲಿ ಜಿಲ್ಲಾ ಮಟ್ಟ, ನಂತರ ವಿಭಾಗ ಮತ್ತು ರಾಜ್ಯ ಮಟ್ಟ. ಅದರ ಜೊತೆಗೆ ದಸರಾ ಕ್ರೀಡಾಕೂಟದ ಸರಣಿಯೂ ಸೇರಿಕೊಳ್ಳುತ್ತದೆ. ಕಬಡ್ಡಿ, ಖೋ ಖೋ, ವಾಲಿಬಾಲ್, ಓಟ, ಎಸೆತ ಎಲ್ಲವೂ ಒಳ್ಳೆಯವೇ. ಆದರೆ ಒಂದೊಂದು ಹಂತಕ್ಕೂ ಎರಡು ಮೂರು ದಿನ, ಅದಕ್ಕೆ ಮುಂಚೆ ಅಭ್ಯಾಸದ ದಿನಗಳು, ಮರುದಿನದ ಆಯಾಸ. ಹಳ್ಳಿಯ ಶಾಲೆಯ ಹುಡುಗನಾದರೆ ತಾಲೂಕು ಕೇಂದ್ರಕ್ಕೆ ಒಂದು ಬಸ್ಸು, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಇನ್ನೊಂದು ಬಸ್ಸು. ಮೊದಲ ಸೆಮಿಸ್ಟರಿನ ಪಾಠಗಳು ಗಟ್ಟಿಯಾಗಬೇಕಾದ ಆಗಸ್ಟ್, ಸೆಪ್ಟೆಂಬರ್ ಹೀಗೆಯೇ ಕಳೆದು ಹೋಗುತ್ತದೆ.

ಅಧಿಕೃತ ಕ್ರೀಡಾಕೂಟಕ್ಕೆ ಹೋದ ವಿದ್ಯಾರ್ಥಿಯನ್ನು ಗೈರುಹಾಜರಿಯೆಂದು ಪರಿಗಣಿಸುವುದಿಲ್ಲ. ಅದು ನ್ಯಾಯವೇ. ಶಾಲೆಯ ಹೆಸರಿಗಾಗಿ ಆಡುವ ಮಗುವನ್ನು ಶಿಕ್ಷಿಸಬಾರದು. ಆದರೆ ಆ ದಿನ ತರಗತಿಯಲ್ಲಿ ನಡೆದ ಬೀಜಗಣಿತದ ಪಾಠ? ಅದನ್ನು ಯಾವ ಹಾಜರಿ ಪುಸ್ತಕವೂ ಹಿಂದಿರುಗಿಸುವುದಿಲ್ಲ. ತಂಡದ ಜೊತೆಗೆ ಶಿಕ್ಷಕರೂ ಹೋಗುತ್ತಾರೆ. ಎರಡು ಮೂರು ಶಿಕ್ಷಕರ ಹುದ್ದೆ ಖಾಲಿಯಿರುವ ಶಾಲೆಯಲ್ಲಿ ಇನ್ನಿಬ್ಬರು ಮೈದಾನಕ್ಕೆ ಹೋದರೆ, ಆಡದ ಮಕ್ಕಳಿಗೂ ಅಂದು ಪಾಠವಿಲ್ಲ. ಹನ್ನೆರಡು ಮಕ್ಕಳ ಪಂದ್ಯಕ್ಕಾಗಿ ನೂರು ಮಕ್ಕಳು ಸುಮ್ಮನೆ ಕುಳಿತಿರುತ್ತಾರೆ.

ಶೇ. 75 ಹಾಜರಿ ಇದ್ದರೆ ಸಾಕು ಎಂಬ ಸಮಾಧಾನ ನಮ್ಮಲ್ಲಿ ಹಲವರಿಗಿದೆ. ಸ್ವಲ್ಪ ಲೆಕ್ಕ ಮಾಡಿ ನೋಡೋಣ. ವರ್ಷಕ್ಕೆ 220 ದಿನ ಶಾಲೆ ನಡೆಯಿತೆಂದಿಟ್ಟುಕೊಂಡರೆ ಶೇ. 75 ಎಂದರೆ 165 ದಿನ. ಉಳಿದ 55 ದಿನ ತಪ್ಪಿಸಿಕೊಂಡರೂ ನಿಯಮ ಪ್ರಶ್ನಿಸುವುದಿಲ್ಲ. ಆದರೆ ಪ್ರಶ್ನೆಪತ್ರಿಕೆ ಪ್ರಶ್ನಿಸುತ್ತದೆ! ಅದು 220 ದಿನಗಳ ಪಾಠದ ಮೇಲೆ ತಯಾರಾಗಿರುತ್ತದೆ. ಅದರಲ್ಲೂ ಉರ್ದು ಮಾಧ್ಯಮದ ನಮ್ಮ ಮಕ್ಕಳಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ತರಗತಿಯಲ್ಲಿಯೇ ಕಲಿಯಬೇಕಾದ ಭಾಷೆಗಳು. ಮನೆಯಲ್ಲಿ ಹೇಳಿಕೊಡುವವರು ಬಹಳ ಕಡಿಮೆ. ವೈದ್ಯರ ಮಗ ಹತ್ತು ದಿನ ಶಾಲೆ ತಪ್ಪಿಸಿದರೆ ಟ್ಯೂಷನ್ ಅದನ್ನು ತುಂಬುತ್ತದೆ. ಹಮಾಲಿ ಮಾಡುವವರ ಮಗನ ಹತ್ತು ದಿನಗಳನ್ನು ತುಂಬುವವರು ಯಾರು?

ಇನ್ನು ಖಾಸಗಿ ಟೂರ್ನಮೆಂಟುಗಳಿಗೆ ಬರೋಣ. ಚಳಿಗಾಲ ಬಂತೆಂದರೆ ಊರೂರಲ್ಲಿ ಟೆನಿಸ್ ಬಾಲ್ ಕ್ರಿಕೆಟ್, ಮುಕ್ತ ಕಬಡ್ಡಿ. ನಗದು ಬಹುಮಾನ, ಮುಖಂಡರ ಭಾವಚಿತ್ರವಿರುವ ಬ್ಯಾನರು, ಮೈಕಿನ ಅಬ್ಬರ. ದೊಡ್ಡವರ ತಂಡದಲ್ಲಿ ಓಡಲು, ಫೀಲ್ಡಿಂಗ್ ಮಾಡಲು ಒಂಬತ್ತನೆಯ, ಹತ್ತನೆಯ ತರಗತಿಯ ಹುಡುಗರು ಬೇಕು. ಆಳಂದ, ಅಫಜಲಪುರದವರಿಗೆ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯೂ ದೂರವಲ್ಲ. ರಾತ್ರಿ ಪಂದ್ಯ ಮುಗಿಸಿ ಮನೆ ಸೇರುವ ಹುಡುಗ ಬೆಳಿಗ್ಗೆ ತರಗತಿಗೆ ಹೋದರೂ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಾನೆ. ಇಲ್ಲಿ ಹಾಜರಿಯೂ ಇಲ್ಲ, ಪ್ರಮಾಣಪತ್ರಕ್ಕೆ ಬೆಲೆಯೂ ಇಲ್ಲ. ಜನವರಿ, ಫೆಬ್ರವರಿಯಲ್ಲಿ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಗಳು ಬರುವಾಗ ನಮ್ಮ ಹುಡುಗರು ಸೆಮಿಫೈನಲಿನಲ್ಲಿರುತ್ತಾರೆ. ಟೂರ್ನಮೆಂಟಿಗೆ ದೇಣಿಗೆ ಕೊಡುವವರು ಯಾರು? ನಮ್ಮದೇ ಅಂಗಡಿಯವರು, ಗುತ್ತಿಗೆದಾರರು, ಮುಖಂಡರು. ಕಪ್ಪಿಗೆ ಹಣ ಕೊಟ್ಟವರು ಅದೇ ಹುಡುಗರ ನೋಟ್‌ಬುಕ್ಕಿಗೆ ಎಂದಾದರೂ ಕೊಟ್ಟಿದ್ದೇವೆಯೇ? ಆತ್ಮಾವಲೋಕನ ಮಾಡಿಕೊಳ್ಳೋಣ.

ಹಾಗಾದರೆ ಆಟ ಬೇಡವೇ? ಖಂಡಿತ ಬೇಕು. ಮದ್ರಸಾದಲ್ಲಿ ಕಲಿತವರಿಗೆ ಒಂದು ಅನುಭವವಿರುತ್ತದೆ. ಅಸ್ರ್ ನಮಾಝ್ ಮುಗಿದೊಡನೆ ಕಿತಾಬುಗಳನ್ನು ಮುಚ್ಚಿ ನಾವು ಮೈದಾನಕ್ಕೆ ಓಡುತ್ತಿದ್ದೆವು. ಉಸ್ತಾದರೇ ನಮ್ಮನ್ನು ಹೊರಗೆ ಕಳುಹಿಸುತ್ತಿದ್ದರು. ಮಗ್ರಿಬ್ ಅಝಾನ್ ಕೇಳಿದೊಡನೆ, ಗೆಲ್ಲಲು ಒಂದೇ ರನ್ ಬೇಕಿದ್ದರೂ, ಬ್ಯಾಟು ಕೆಳಗಿಡಬೇಕಿತ್ತು. ಅಂದು ನಮಗೆ ಅದು ಕ್ರೌರ್ಯವೆನಿಸುತ್ತಿತ್ತು. ಪದವಿ ಕಾಲೇಜಿಗೆ ಹೋದ ಮೇಲೆ ಅದರ ಬೆಲೆ ತಿಳಿಯಿತು. ಆಟಕ್ಕೆ ಒಂದು ಹೊತ್ತಿತ್ತು, ಪಾಠಕ್ಕೆ ಒಂದು ಹೊತ್ತಿತ್ತು. ಒಂದು ಇನ್ನೊಂದರ ಹೊತ್ತನ್ನು ಕದಿಯುತ್ತಿರಲಿಲ್ಲ.

ಇಷ್ಟಕ್ಕೂ, ಆಡುವವನಿಗೆ ಓದು ಅಡ್ಡಿಯೇ? ಟೆಸ್ಟ್ ಕ್ರಿಕೆಟಿನಲ್ಲಿ 619 ವಿಕೆಟ್ ಪಡೆದ ನಮ್ಮ ರಾಜ್ಯದ ಅನಿಲ್ ಕುಂಬ್ಳೆ ಇಂಜಿನಿಯರಿಂಗ್ ಪದವೀಧರರು. ಜಾವಗಲ್ ಶ್ರೀನಾಥ್ ಕೂಡಾ ಹಾಗೆಯೇ. ಇನ್ನು ನಮ್ಮ ಹುಡುಗರು ಬಯಸುವ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯನ್ನು ನೋಡಿ. ಅಲ್ಲಿ ಓಟ, ಜಿಗಿತ, ಗುಂಡು ಎಸೆತದ ಪರೀಕ್ಷೆಯಿದೆ. ಮೈದಾನದಲ್ಲಿ ಬೆವರು ಸುರಿಸಿದವನಿಗೆ ಅದು ಸುಲಭ. ಆದರೆ ಅರ್ಜಿ ಹಾಕಲು ಪಿಯುಸಿ ಆಗಿರಬೇಕು. ಸಂವಿಧಾನದ 371(ಜೆ) ವಿಧಿ ಜಾರಿಯಾದ ಬಳಿಕ ನಮ್ಮ ಭಾಗದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ. 80, ಗ್ರೂಪ್ ‘ಡಿ’ ಹುದ್ದೆಗಳಲ್ಲಿ ಶೇ. 85 ಸ್ಥಳೀಯರಿಗೆ ಮೀಸಲು. ಇಷ್ಟು ದೊಡ್ಡ ಬಾಗಿಲು ತೆರೆದಿರುವಾಗ, ಹತ್ತನೆಯ ತರಗತಿಯ ಅಂಕಪಟ್ಟಿಯಿಲ್ಲದೆ ನಮ್ಮ ಮಕ್ಕಳು ಹೊಸ್ತಿಲಲ್ಲೇ ನಿಲ್ಲಬೇಕೇ?

ಒಂದು ಮಾತು ಹೆಣ್ಣು ಮಕ್ಕಳ ಬಗ್ಗೆ. ಮಗ ರಾತ್ರಿ ಹತ್ತಕ್ಕೆ ಟೂರ್ನಮೆಂಟಿನಿಂದ ಬಂದರೆ ಊಟ ಬಡಿಸುವ ನಾವು, ಮಗಳು ಖೋ ಖೋ ತಂಡಕ್ಕೆ ಆಯ್ಕೆಯಾದಳೆಂದು ಶಾಲೆಯಿಂದ ಸುದ್ದಿ ಬಂದೊಡನೆ ಬೇಡವೆನ್ನುತ್ತೇವೆ. ಪ್ರವಾದಿಯವರು(ಸ) ಪತ್ನಿ ಆಇಶಾರ(ರ) ಜೊತೆ ಓಟದ ಸ್ಪರ್ಧೆ ಮಾಡಿದ್ದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ಮೊದಲ ಸಲ ಗೆದ್ದವರು ಆಇಶಾ. ನಮ್ಮಂತೆಯೇ ಹಿಂದೆ ನಿಝಾಮ್ ಸಂಸ್ಥಾನದಲ್ಲಿದ್ದ ನಿಝಾಮಾಬಾದಿನ ನಿಖತ್ ಝರೀನ್ 2022 ಮತ್ತು 2023ರಲ್ಲಿ ಬಾಕ್ಸಿಂಗಿನ ವಿಶ್ವ ಚಾಂಪಿಯನ್ ಆದರು. ಅವರಿಗೆ ಬೆನ್ನೆಲುಬಾಗಿ ನಿಂತವರು ಅವರ ತಂದೆ. ಮಗನಿಗೆ ಮಿತಿಯಿಲ್ಲದ ಸ್ವಾತಂತ್ರ್ಯ, ಮಗಳಿಗೆ ಕಾರಣವಿಲ್ಲದ ನಿರ್ಬಂಧ – ಇವೆರಡರಲ್ಲೂ ನ್ಯಾಯವಿಲ್ಲ. ಇಬ್ಬರಿಗೂ ಆಟ ಬೇಕು, ಇಬ್ಬರಿಗೂ ಪಾಠ ಬೇಕು.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಹೋರಾಟವೇನೂ ಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ, ಸಹಿ ಮಾಡಿ ಬರುವ ಬದಲು ಒಂದು ಬೇಡಿಕೆಯಿಡೋಣ: ಪಂದ್ಯಕ್ಕೆ ಹೋದ ಮಕ್ಕಳ ತಪ್ಪಿದ ಪಾಠಗಳನ್ನು ಬರೆದಿಟ್ಟು, ಮರಳಿದ ಮೇಲೆ ಬೆಳಿಗ್ಗೆ ಅಥವಾ ಸಂಜೆ ಒಂದು ಗಂಟೆ ಅವರಿಗೆ ಹೇಳಿಕೊಡಲಿ. ಅಭ್ಯಾಸ ಕೊನೆಯ ಅವಧಿಯ ನಂತರ ನಡೆಯಲಿ. ಖಾಸಗಿ ಟೂರ್ನಮೆಂಟಿಗೆ ದೇಣಿಗೆ ಕೇಳಲು ಬಂದವರಿಗೆ ಎರಡು ಷರತ್ತು ಹಾಕೋಣ: ಶಾಲಾ ಮಕ್ಕಳು ಆಡುವ ಪಂದ್ಯಗಳು ಭಾನುವಾರ ಅಥವಾ ರಜೆಯಲ್ಲಿ ಮಾತ್ರ, ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಹತ್ತನೆಯ ತರಗತಿಯವರಿಗೆ ತಂಡದಲ್ಲಿ ಸ್ಥಾನವಿಲ್ಲ. ಮಸೀದಿ ಕಮಿಟಿಯವರು ಸಂಜೆಯ ಹೊತ್ತು ಒಂದು ಕೋಣೆಯನ್ನು ಓದುವ ಮಕ್ಕಳಿಗೆ ಬಿಟ್ಟುಕೊಡಲಿ. ಓಣಿಯ ಪದವೀಧರರು ವಾರಕ್ಕೆ ಎರಡು ದಿನ ಅಲ್ಲಿ ಕುಳಿತು ಗಣಿತ ಹೇಳಿಕೊಟ್ಟರೆ ಸಾಕು. ಕನ್ನಡವನ್ನು ಹೇಳಿಕೊಡಲು ನಾವೂ ಸಿದ್ಧರಿದ್ದೇವೆ.

ಇನ್ನು ತಂದೆ ತಾಯಿಗಳಿಗೆ ಒಂದು ಚಿಕ್ಕ ವಿನಂತಿ. ಇಂದು ಸಂಜೆ ಮಗ ಮನೆಗೆ ಬಂದಾಗ ಎಷ್ಟು ರನ್ ಹೊಡೆದೆ ಎಂದು ಕೇಳಿ. ಪ್ರೀತಿಯಿಂದಲೇ ಕೇಳಿ. ಆಮೇಲೆ, ಇಂದು ತರಗತಿಯಲ್ಲಿ ಏನು ಹೇಳಿಕೊಟ್ಟರು ಎಂದೂ ಕೇಳಿ. ಅವನು ಉತ್ತರಿಸದೆ ತಲೆ ತಗ್ಗಿಸಿದರೆ ಬೈಯಬೇಡಿ. ಮರುದಿನ ಅವನ ಜೊತೆ ಶಾಲೆಯವರೆಗೆ ನಡೆದು ಹೋಗಿ.

ನಮ್ಮ ಮಕ್ಕಳ ಕೈಯಲ್ಲಿ ಕಪ್ಪೂ ಇರಲಿ, ಅಂಕಪಟ್ಟಿಯೂ ಇರಲಿ ಎಂದು ಪ್ರಾರ್ಥಿಸುತ್ತಾ ಮಾತು ಮುಗಿಸುತ್ತೇವೆ.