ಅಂಕಪಟ್ಟಿಯ ಆಚೆ
(ರಾಜ್ಯೋತ್ಸವ ಸಭೆಯಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣ)



ಕೆಲಸ ಕೊಡುವವರು ನಮ್ಮ ಹುಡುಗರನ್ನು ಕೇಳುವುದು 'ಏನು ಮಾಡಬಲ್ಲೆ?' ಎಂದು. ಅಂಕಪಟ್ಟಿ ಇದಕ್ಕೆ ಉತ್ತರ ಹೇಳಲಾರದು.

1969ರಲ್ಲಿ, ಗಾಂಧೀ ಶತಾಬ್ದಿಯ ವರ್ಷ, ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಅನೇಕ ಕಾಲೇಜುಗಳಲ್ಲಿದೆ. ವರ್ಷಕ್ಕೆ 120 ಗಂಟೆಯ ಸೇವೆ. ಬರೀ ಪ್ರಮಾಣಪತ್ರಕ್ಕಾಗಿ ಸೇರುವವರೂ ಉಂಟು, ಅವರ ಮಾತು ಬಿಡೋಣ.

ಇನ್ನೂ ಹತ್ತಿರದ ಕೆಲಸವೊಂದಿದೆ. ನಮ್ಮ ಸಂಘಗಳ ಬೀರುಗಳಲ್ಲಿ ಹಳೆಯ ಪುಸ್ತಕಗಳು ಪುಡಿಯಾಗುತ್ತಿವೆ. ಕರ್ತೃ ತೀರಿಕೊಂಡು 60 ವರ್ಷ ಕಳೆದ ಗ್ರಂಥಗಳನ್ನು ಕನ್ನಡ ವಿಕಿಸೋರ್ಸ್ ಎಂಬ ಅಂತರ್ಜಾಲ ಗ್ರಂಥಾಲಯಕ್ಕೆ ಸೇರಿಸಬಹುದು. ಅಲ್ಲಿ ಒಂದು ಬದಿಗೆ ಪುಟದ ಚಿತ್ರ, ಇನ್ನೊಂದು ಬದಿಗೆ ಯಂತ್ರ ಓದಿದ ಅಕ್ಷರ. ಯಂತ್ರವೋ ಒತ್ತಕ್ಷರ ಬಂದಲ್ಲಿ ಎಡವುತ್ತದೆ! ನೀವು ತಿದ್ದಿದ ಪುಟ ಹಳದಿ ಬಣ್ಣ ತಾಳುತ್ತದೆ. ಬೇರೊಬ್ಬರು ನೋಡಿ ಒಪ್ಪಿದರೆ ಹಸುರು. ಶುಲ್ಕವಿಲ್ಲ, ಶಿಫಾರಸು ಬೇಡ. ಒಂದೊಂದು ತಿದ್ದುಪಡಿಯೂ ನಿಮ್ಮ ಖಾತೆಯಲ್ಲಿ ದಾಖಲಾಗಿ ಉಳಿಯುತ್ತದೆ. ಕೇಳಿದವರಿಗೆ ಅದನ್ನೇ ತೋರಿಸಿರಿ. ಗಣಕ ವಿಜ್ಞಾನ ಓದುವವರು ಈ ಒತ್ತಕ್ಷರದ ತೊಡಕನ್ನೇ ಕೊನೆಯ ವರ್ಷದ ಪ್ರಾಜೆಕ್ಟಾಗಿ ಹಿಡಿಯಬಹುದು.

ಇಲ್ಲಿಯೇ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಅಂಥವರ ಮನೆಯಲ್ಲಿ ಅಜ್ಜಿ ಓದಿ ಹೇಳಲಿ, ಮೊಮ್ಮಗ ಬೆರಳಚ್ಚು ಮಾಡಲಿ. ಅಕ್ಷರಗಳು ತಾವಾಗಿ ಪರಿಚಯವಾದಾವು.

ವಾಚನಾಲಯದ ಬೀಗದ ಕೈ ಕಾರ್ಯದರ್ಶಿಗಳ ಬಳಿ ಇದೆ. ಈ ಭಾನುವಾರವೇ ಕೇಳಿ ಪಡೆಯಿರಿ.